ಮನ್ಯಾನ ಉಚ್ಚಿ ಕಟ್ಟಿದ ದಿನ

ಮಡಿಚಿಟ್ಟ ಸೀರೆಯ ಮೇಲೆ ಆ ಕಲೆ ಕಂಡಾಗ ಅಕ್ಕುತಾಯಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಹಾಲುಬಣ್ಣದ ಸೀರೆ, ಹಿಂದಿನ ಸಂಜೆ ಇಸ್ತ್ರಿ ಮಾಡಿಸಿ ಟ್ರಂಕಿನ ಮೇಲೆ ಇಟ್ಟದ್ದು. ಅದರ ನಡುವೆ ರೂಪಾಯಿ ಬಿಲ್ಲೆಯಷ್ಟು ಅಗಲದ ಒದ್ದೆ, ಒದ್ದೆಯ ಸುತ್ತ ತೆಳುವಾದ ಗುಲಾಬಿ ಅಂಚು. ಮೂಗಿಗೆ ಹಿಡಿದಳು. ಗಂಡುಬೆಕ್ಕಿನ ಉಚ್ಚೆಯ ವಾಸನೆ ಆಕೆಗೆ ಹೊಸದಲ್ಲ. ಆದರೆ ಇದರೊಳಗೆ ಬೇರೆ ಏನೋ ಸೇರಿತ್ತು, ತುಕ್ಕು ಹಿಡಿದ ಮೊಳೆಯನ್ನು ಬಾಯಲ್ಲಿಟ್ಟುಕೊಂಡಂಥದು. ಹೆದರಿಕೆ ಇದ್ದದ್ದು ಅರೆಕ್ಷಣ. ಇಂದು ಬೆಳಗಾವಿಯಿಂದ ದೊಡ್ಡ ಸಾಹೇಬರು ರಾಯಬಾಗದ ಆಕೆಯ ಕಚೇರಿಗೆ ಬರುವವರಿದ್ದರು, ಎಲ್ಲರೂ ಹೊತ್ತಿಗೆ ಸರಿಯಾಗಿ ಇಸ್ತ್ರಿ ಬಟ್ಟೆಯಲ್ಲಿ ಇರಬೇಕೆಂದು ಹೆಡ್ ಕ್ಲಾರ್ಕ್ ಎರಡೆರಡು ಸಲ ಹೇಳಿದ್ದರು. ಅದು ನೆನಪಾದೊಡನೆ ಆಕೆ ಮೂಲೆಯ ಕಸಬರಿಗೆ ಎತ್ತಿಕೊಂಡು ಬಚ್ಚಲ ಬಾಯಿಗೆ ಕೂತಿದ್ದ ಬೆಕ್ಕು ಮನ್ಯಾನ ಬೆನ್ನಿಗೆ ಒಂದೇಟು ಹಾಕಿದಳು. ಮನ್ಯಾ ಓಡಲಿಲ್ಲ. ಕಸಬರಿಗೆಯ ಸಪ್ಪಳಕ್ಕೇ ಅಟ್ಟ ಹತ್ತುವ ಪ್ರಾಣಿ, ಇಂದು ಹಿಂಗಾಲು ಅಗಲಿಸಿ, ಬಾಲ ಅರ್ಧ ಎತ್ತಿ, ಕೂತಲ್ಲೇ ಕೂತು ಆಕೆಯನ್ನು ನೋಡಿತು. ಅದರ ನೋಟದಲ್ಲಿ ಬೇಡಿಕೆಯೂ ಇರಲಿಲ್ಲ, ತಪ್ಪು ಮಾಡಿದ ಅಂಜಿಕೆಯೂ ಇರಲಿಲ್ಲ. ತನ್ನ ಮೈಯೊಳಗಿನ ಯಾವುದೋ ಕೆಲಸದಲ್ಲಿ ಅದು ಮುಳುಗಿತ್ತು, ಹೊರಗಿನ ಏಟು ಅದಕ್ಕೆ ಲೆಕ್ಕಕ್ಕಿರಲಿಲ್ಲ.

"ಹೊಡೀಬ್ಯಾಡ ಅದನ್ನ," ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಸೀತವ್ವ ತಿರುಗದೆಯೇ ಅಂದಳು. "ಸಂಡಾಸ ಕಟ್ಟೇತಿ ಅದಕ್ಕ. ನಿನ್ನಿ ಔಡಲೆಣ್ಣಿ ಹಾಕೇನಿ. ಬೂದಿ ಮ್ಯಾಲ ಹೋಗೂದು, ತಿಣಕೂದು, ಬರೂದು. ಮತ್ತ ಹೋಗೂದು."

"ನನಗ ಯಾಕ ಹೇಳ್ಲಿಲ್ಲ?"

"ನೀ ಮನಿಯಾಗ ಎಲ್ಲಿರ್ತೀ."

ಅದು ನಿಜವಲ್ಲ. ಆಕೆಯೇ ನೋಡಿದ್ದಳು. ಹಿತ್ತಲ ಬೂದಿಗುಡ್ಡೆಯಲ್ಲಿ ಮುಂಚೆ ಕಾಣುತ್ತಿದ್ದ, ಉಚ್ಚೆ ಹೀರಿ ಗಟ್ಟಿಯಾದ ದೊಡ್ಡ ಬೂದಿಯುಂಡೆಗಳು ಈಚೆಗೆ ಶೇಂಗಾಕಾಳಿನಷ್ಟು ಸಣ್ಣವಾಗಿದ್ದವು; ಹತ್ತು ಕಡೆ ಕೆದರಿದ ಗುರುತು ಇರುತ್ತಿತ್ತು. ಬೆಕ್ಕು ಗಳಿಗೆಗೊಮ್ಮೆ ತನ್ನ ಹಿಂಬದಿ ನೆಕ್ಕಿಕೊಳ್ಳುವುದನ್ನು ನೋಡಿ ಹೇಸಿಕೆಪಟ್ಟು ಮುಖ ತಿರುಗಿಸಿದ್ದಳು. ಒಲೆಯ ಪಕ್ಕ, ಹಾಸಿಗೆಯ ತುದಿಗೆ, ಚಪ್ಪಲಿಯ ಮೇಲೆ ಹನಿ ಹನಿ ಮಾಡಿದಾಗ ಇದಕ್ಕೆ ಸೊಕ್ಕು ಬಂದಿದೆ ಎಂದು ಬೈದಿದ್ದಳು. ನೋಡಿದ್ದಳು, ತಿಳಿದುಕೊಳ್ಳಲಿಕ್ಕೆ ಮನಸ್ಸು ಮಾಡಿರಲಿಲ್ಲ ಅಷ್ಟೆ. ಈಗ ಬಗ್ಗಿ ಕೂತು ಸಿಮೆಂಟಿನ ನೆಲ ನೋಡಿದಳು. ಮನ್ಯಾನ ಹೊಟ್ಟೆಯ ಕೆಳಗೆ ಒಂದೇ ಒಂದು ಹನಿ. ಕೆಂಪಲ್ಲ, ಹಳದಿಯಲ್ಲ, ಎರಡರ ನಡುವಿನದು. ಹನಿ ಬಿದ್ದಾಗ ಮನ್ಯಾ ಕೂಗಿತು. ಹಸಿವಿನ ಕೂಗಲ್ಲ ಅದು, ಗಂಟಲಿನ ತಳದಿಂದ ಬಂದ ಮನುಷ್ಯರ ನರಳಿಕೆಯಂಥದು. ಆ ಹನಿ ಆಕೆಗೆ ಗೊತ್ತಿತ್ತು. ಹೋದ ದೀಪಾವಳಿಯ ಹೊತ್ತಿಗೆ, ಇದೇ ಬಚ್ಚಲಲ್ಲಿ, ಕದ ಹಾಕಿಕೊಂಡು, ಹಲ್ಲು ಕಚ್ಚಿ, ಕಾಲಬೆರಳು ಮಡಚಿ ಕೂತಾಗ ಕೆಳಗೆ ಬಿದ್ದದ್ದು ಇಂಥದೇ ಹನಿ. ಉರಿ ತಲೆಗೇರಿ ಕಣ್ಣಲ್ಲಿ ನೀರು ಬಂದಿತ್ತು. ಔಷಧದ ಅಂಗಡಿಯವನು ಯಾರಿಗೆ ಎಂದು ಕೇಳಿದಾಗ, ಪಕ್ಕದಲ್ಲಿ ಗಂಡಸರು ನಿಂತಿದ್ದರೆಂದು, "ನಮ್ಮವ್ವಗ್ರಿ" ಎಂದಿದ್ದಳು. ಅವನು ಅವ್ವನ ವಯಸ್ಸು ಕೇಳಿ ಗುಳಿಗೆ ಕೊಟ್ಟ. ಅವ್ವನ ವಯಸ್ಸಿನ ಗುಳಿಗೆಯನ್ನು ಆಕೆ ನುಂಗಿದಳು.

ತುಂಬಿದ ಕೊಡಕ್ಕೆ ಆಕೆಯ ಕೈ ಹೋಗಲಿಲ್ಲ. ಬೆಳಿಗ್ಗೆ ಎದ್ದ ಮೇಲೆ ಒಂದು ಬಟ್ಟಲು ಚಹಾ, ಅದೂ ಅರ್ಧ. ಆಮೇಲೆ ಸಂಜೆ ತನ್ನೂರು ಚಿಕ್ಕೋಡಿಯಲ್ಲಿ ಬಸ್ಸು ಇಳಿಯುವವರೆಗೆ ನೀರು ಮುಟ್ಟುವುದಿಲ್ಲ. ನಾಲ್ಕು ವರ್ಷದಿಂದ ಇದು ರೂಢಿ. ರೂಢಿಯೇನು, ಅದಕ್ಕೂ ಮೊದಲಿನದು. ಶೇಡಬಾಳದ ಸಾಲೆಯಲ್ಲಿ ಕಿರುಬೆರಳು ಎತ್ತಿದವರನ್ನೆಲ್ಲ ಮಾಸ್ತರರು ಕೆಣಕುತ್ತಿದ್ದರು, ಅಕ್ಕುತಾಯಿ ಮಾತ್ರ ಒಂದು ದಿನವೂ ಬೆರಳೆತ್ತಿದವಳಲ್ಲ. ಸಾಲೆಯ ಹಿಂದಿನ ಗೋಡೆಯ ಮರೆಗೆ ಹೋದರೆ ಹುಡುಗಿಯರು ತಮ್ಮ ತಮ್ಮ ಜಾಗ ಬೇರೆ ಮಾಡಿಕೊಂಡು, "ನೀ ಅತ್ಲಾಗ ಹೋಗ" ಎನ್ನುತ್ತಿದ್ದುದು ಮಾಸ್ತರರಿಗೆ ಗೊತ್ತಿರಲಿಲ್ಲ. "ಈಕೀನ ನೋಡ್ರಿ, ಎಷ್ಟ ಶಾಣ್ಯಾಕಿ. ಕುಂತಕಿ ಕುಂತಲ್ಲೇ ಇರ್ತಾಳ," ಎನ್ನುತ್ತಿದ್ದರು ಅವರು. ಆ ಹೊಗಳಿಕೆಯನ್ನು ಆಕೆ ಮನೆಗೆ ಹೊತ್ತುಕೊಂಡು ಬಂದು ಅವ್ವನಿಗೆ ಹೇಳಿದ್ದಳು. ಅವ್ವ ಆ ದಿನ ಯಾರದೋ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆದು ಬಂದಿದ್ದಳು, ಏನೂ ಅನ್ನದೆ ತಲೆ ಸವರಿದ್ದಳು. ತಡೆದುಕೊಳ್ಳುವುದೂ ಒಂದು ವಿದ್ಯೆ ಎಂದೇ ಆಕೆ ಬೆಳೆದದ್ದು.

"ಬಸ್ಸಿಗಿ ಹೊತ್ತಾತು," ಅವ್ವ ಅಂದಳು.

"ನಾ ದನದ ದವಾಖಾನಿಗೆ ಹೊಂಟೇನಿ."

ಸೀತವ್ವ ಈಗ ತಿರುಗಿದಳು. ಹಿಟ್ಟಿನ ಕೈ ಗಾಳಿಯಲ್ಲಿ ನಿಂತಿತು. "ಬೆಕ್ಕಿನ ಸಲುವಾಗಿ? ಇವತ್ತ ದೊಡ್ಡ ಸಾಹೇಬ್ರು ಬರ್ತಾರಂದಿ."

"ಬರ್ಲಿ," ಅಂದಳು ಅಕ್ಕುತಾಯಿ. ಅಂದಮೇಲೆ ತನ್ನ ಬಾಯಿಂದ ಬಂದ ಆ ಮಾತು ತನಗೇ ಅಪರಿಚಿತವೆನಿಸಿತು. ಹಳೆಯ ಹಸಿರು ಸೀರೆ ಸುತ್ತಿಕೊಂಡಳು, ವಾಯರಿನ ಬುಟ್ಟಿಯಲ್ಲಿ ಮನ್ಯಾನನ್ನು ಇಟ್ಟು ಮೇಲೆ ಟವೆಲ್ ಕಟ್ಟಿದಳು. ಅದು ಒಳಗೆ ಒದ್ದಾಡಲಿಲ್ಲ. ಒದ್ದಾಡಿದ್ದರೆ ಆಕೆಗೆ ಧೈರ್ಯ ಬರುತ್ತಿತ್ತು.

ದವಾಖಾನೆಯ ಅಂಗಳದಲ್ಲಿ ಎಮ್ಮೆಗಳು, ಒಂದು ಕುಂಟುವ ಎತ್ತು, ಬಿಳಿ ಟೊಪ್ಪಿಗೆಯ ಗಂಡಸರು. ತಂಬಾಕಿನ ವಾಸನೆ, ಸೆಗಣಿಯ ವಾಸನೆ. ಹೆಂಗಸು ಆಕೆಯೊಬ್ಬಳೇ. ಬುಟ್ಟಿಯೊಳಗಿಂದ ಮನ್ಯಾ ಕೂಗಿದಾಗ ಎಲ್ಲರೂ ತಿರುಗಿ ನೋಡಿದರು. ಕೆಚ್ಚಲು ಬಾತ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದವನೊಬ್ಬ ಪಕ್ಕದವನಿಗೆ ಮರಾಠಿಯಲ್ಲಿ ಏನೋ ಹೇಳಿದ. ಆಮೇಲೆ ಆಕೆಗೂ ಕೇಳಲಿ ಎಂದು ಕನ್ನಡದಲ್ಲಿ, "ಇವತ್ತ ಬೆಕ್ಕ ಬಂದೈತಿ, ನಾಳಿ ಇಲಿ ತರ್ತಾರ ನೋಡ," ಎಂದ. ನಗೆ ಅಂಗಳದ ತುಂಬ ಹರಡಿತು. ಅದರಲ್ಲಿ ಅಂಥ ಕೆಟ್ಟದ್ದೇನೂ ಇರಲಿಲ್ಲ, ಹೊತ್ತು ಹೋಗದವರ ನಗೆ. ಆದರೂ ಆಕೆಯ ಕಿವಿ ಬಿಸಿಯಾಯಿತು. ನಗುವವರ ನಡುವೆ ನಿಲ್ಲುವುದು ಆಕೆಗೆ ಗೊತ್ತು. ಗೋಡೆಯ ಮೇಲಿನ ಯಾವುದಾದರೊಂದು ಬರಹವನ್ನು ಓದುತ್ತ ನಿಂತುಬಿಡಬೇಕು. ಕಾಲುಬಾಯಿ ಬೇನೆಯ ಲಸಿಕೆಯ ಬಗ್ಗೆ ಗೋಡೆಯ ಮೇಲೆ ಬರೆದದ್ದನ್ನು ಆಕೆ ಅಕ್ಷರ ಬಿಡದೆ ಓದಿದಳು. ಕಚೇರಿಯಲ್ಲಿಯೂ ಇಂಥ ಹೊತ್ತಿಗೆ ನೋಡುತ್ತ ನಿಲ್ಲಲು ಒಂದು ಭಾರತದ ನಕಾಶೆ ಇತ್ತು.

ಡಾಕ್ಟರ್ ಧರೆಪ್ಪ ನಡುವಯಸ್ಸಿನವರು, ತೋಳು ಮಡಿಚಿದ ಅಂಗಿ, ಬೆಳಗ್ಗೆಯೇ ದಣಿದ ಮುಖ. ಬುಟ್ಟಿ ನೋಡಿ ಅವರೂ ಮೊದಲು ತಲೆ ಅಲ್ಲಾಡಿಸಿದರು. "ನಮ್ಮಲ್ಲಿ ಬೆಕ್ಕಿಗೆ ಅಂತ ಏನೂ ಇಲ್ರಿ ಬಾಯಾರ. ಎಲ್ಲಾ ದೊಡ್ಡ ದನದ ಸಾಮಾನು." ಆಮೇಲೆ ಏನೆನ್ನಿಸಿತೋ, ಟವೆಲ್ ಬಿಚ್ಚಿ ಮನ್ಯಾನ ಹೊಟ್ಟೆಯ ಕೆಳಗೆ ಎರಡು ಬೆರಳು ಇಟ್ಟರು. ಇಟ್ಟವರು ತೆಗೆಯಲಿಲ್ಲ. ಮುಖದ ದಣಿವು ಹೋಯಿತು.

"ಎಂದಿನಿಂದ?"

"ಸಂಡಾಸ ಕಟ್ಟೇತಿ ಅಂತ ನಮ್ಮವ್ವ ಔಡಲೆಣ್ಣಿ..."

"ಸಂಡಾಸಲ್ರಿ. ಉಚ್ಚಿ ಕಟ್ಟೇತಿ. ಕೈ ಕೊಡ್ರಿ ಇಲ್ಲಿ." ಆಕೆಯ ಬೆರಳುಗಳನ್ನು ಹಿಡಿದು ಬೆಕ್ಕಿನ ಕಿಬ್ಬೊಟ್ಟೆಗೆ ಒತ್ತಿದರು. ಒಳಗೆ ಎಳೆ ಮೋಸಂಬಿಯಷ್ಟು ದುಂಡಗೆ, ಕಲ್ಲಿನಂತೆ ಬಿಗಿದ ಏನೋ ಇತ್ತು. "ಇದು ಉಚ್ಚೀಚೀಲ. ಹೊರಗ ದಾರಿ ಇಲ್ಲ. ಇನ್ನೊಂದ ದಿನ ಬಿಟ್ಟಿದ್ರ ವಿಷ ರಕ್ತಕ್ಕ ಏರಿ ಮುಗೀತಿತ್ತು. ಎಷ್ಟ ಸಲ ಕುಂಡ್ರತೈತಿ? ಎಲ್ಲೆಲ್ಲಿ ಕುಂಡ್ರತೈತಿ? ಕುಂತಾಗ ಬರೂದೆಷ್ಟು? ಬಣ್ಣ ಹೆಂಗೈತಿ, ವಾಸನಿ ಹೆಂಗೈತಿ?"

ಆಕೆ ಹೇಳಿದಳು. ಹೇಳುತ್ತ ಹೋದಂತೆ ತಾನು ಎಷ್ಟೆಲ್ಲ ನೋಡಿದ್ದೆ ಎಂಬುದು ಆಕೆಗೇ ಆಶ್ಚರ್ಯವಾಯಿತು. ಗುಲಾಬಿ ಅಂಚು, ಮೊಳೆಯ ವಾಸನೆ, ಶೇಂಗಾಕಾಳಿನಂಥ ಉಂಡೆ, ನೆಕ್ಕುವುದು, ಕೂಗುವುದು. ಎಮ್ಮೆಯ ಗಂಡಸರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಉಚ್ಚೆಯ ಬಣ್ಣವನ್ನು, ವಾಸನೆಯನ್ನು, ಇಷ್ಟು ಗಂಡಸರ ಮುಂದೆ, ಮಳೆ ಬೆಳೆಯ ಮಾತಿನಂತೆ ಆಡುತ್ತಿದ್ದೇನೆ ಎಂಬುದು ಆಕೆಗೆ ಅರ್ಧದಲ್ಲಿ ಹೊಳೆಯಿತು. ಮಾತು ತಡವರಿಸಿತು.

"ಹೇಳ್ರಿ, ನಾಚಬ್ಯಾಡ್ರಿ. ಮೂಕ ಪ್ರಾಣೀದು ಇದನ್ನ ನೋಡೇ ತಿಳಕೋಬೇಕು. ನೀರು ಕುಡೀತೈತೇನು?"

ಯಾರೂ ಆಕೆಗೆ ಈ ಪ್ರಶ್ನೆ ಕೇಳಿರಲಿಲ್ಲ. ಬೆಕ್ಕಿನದು ಕೇಳುತ್ತಿದ್ದಾರೆಂದು ನೆನಪು ಮಾಡಿಕೊಂಡು ಹೇಳಿದಳು. "ಕಡಿಮಿ ರೀ. ಹಾಲು, ರೊಟ್ಟಿ. ಒಣಮೀನ ಭಾಳ ಸೇರತೈತಿ."

"ಒಣಮೀನ ಬಂದ್ ಮಾಡ್ರಿ. ನೀರು ಕಡಿಮಿ ಆದ್ರ ಉಚ್ಚಿ ದಪ್ಪ ಆಗತೈತಿ, ತಳಕ್ಕ ಸಣ್ಣ ಉಸುಕು ಕೂಡತೈತಿ. ಗಂಡಬೆಕ್ಕಿನ ದಾರಿ ಹೆಣ್ಣಿನದಕ್ಕಿಂತ ಸಪೂರ. ಉಸುಕು ಸಿಕ್ಕೊಂಡ್ರ ಹಿಂಗ."

"ತಡಕೊಂಡ್ರೂ ಹಿಂಗ ಆಗತೈತೇನ್ರಿ?"

ಡಾಕ್ಟರು ಸೂಜಿಗೆ ಔಷಧ ಎಳೆಯುತ್ತಿದ್ದವರು ಆಕೆಯತ್ತ ನೋಡಿದರು. "ತಡಕೊಂಡ್ರ ಆಗತೈತಿ. ಜಾಗಾ ಹೊಲಸಿದ್ರ ಬೆಕ್ಕ ತಡಕೊಳ್ಳತೈತಿ. ಅಂಜಿಕಿ ಇದ್ರ ತಡಕೊಳ್ಳತೈತಿ. ಹೊಡದ್ರಂತೂ ಇನ್ನೂ."

ಕಸಬರಿಗೆ ಎತ್ತಿದ್ದ ಕೈಯನ್ನು ಆಕೆ ಮನ್ಯಾನ ಬೆನ್ನ ಮೇಲೆ ಇಟ್ಟಳು.

ಆಮೇಲೆ ಮನ್ಯಾ ಸೂಜಿಯ ಮಂಪರಿನಲ್ಲಿ ಸಡಿಲಾಗಿ ಮಲಗಿತು. ಆಕೆ ಅದರ ಹಿಂಗಾಲುಗಳನ್ನು ಹಿಡಿದುಕೊಂಡಳು. ಡಾಕ್ಟರು ಬೆರಳ ತುದಿಯಿಂದ ಎಷ್ಟೋ ಹೊತ್ತು ಮೆತ್ತಗೆ ತಿಕ್ಕಿದರು. ಸುಣ್ಣದ ಪುಡಿಯಂಥ ಬಿಳಿ ಚೂರೊಂದು ಹೊರಗೆ ಬಂತು. ಸಣ್ಣ ಕರುಗಳಿಗೆ ಸಲೈನು ಕೊಡುವ ಸೂಜಿಯ ಮೇಲಿನ ತೆಳುವಾದ ಪ್ಲ್ಯಾಸ್ಟಿಕ್ ಕೊಳವೆ ಬಿಚ್ಚಿ, ಅದನ್ನೇ ಒಳಗೆ ಸೇರಿಸಿ, ಉಪ್ಪುನೀರು ಬಿಟ್ಟು ಬಿಟ್ಟು ದಾರಿ ಬಿಡಿಸಿದರು. ಎರಡು ಸಲ ಆಗಲಿಲ್ಲ. ಅವರ ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಮೂರನೆಯ ಸಲ ಕೊಳವೆ ಒಳಗೆ ಜಾರಿತು, ಹಿಂದೆಯೇ ಉಚ್ಚೆ ಬಂತು. ಕಪ್ಪು ಚಹಾದ ಬಣ್ಣದ್ದು, ಬಿಸಿ, ಮೊದಲು ತೊಟ್ಟಿಕ್ಕಿ, ಆಮೇಲೆ ಧಾರೆಯಾಗಿ, ತಟ್ಟೆ ತುಂಬಿ, ಮೇಜಿನಿಂದ ಆಕೆಯ ಸೆರಗಿಗೆ, ಸೆರಗಿನಿಂದ ಪಾದಕ್ಕೆ ಇಳಿಯಿತು. ಆಕೆ ಹಿಂದೆ ಸರಿಯಲಿಲ್ಲ. ಅಂಗೈಯ ಕೆಳಗೆ ಆ ಕಲ್ಲು ಮೆತ್ತಗಾಗುತ್ತ, ಕುಗ್ಗುತ್ತ, ಇಲ್ಲವಾಗುವುದು ಗೊತ್ತಾಗುತ್ತಿತ್ತು. ಬಾಗಿಲಲ್ಲಿದ್ದ ಎಮ್ಮೆಯವನು, ಇಲಿಯ ಮಾತಾಡಿದವನೇ, "ಬಂತ ನೋಡ," ಎಂದ, ತನ್ನದೇ ದನ ಕರು ಹಾಕಿದಂತೆ.

"ಉಳದೈತಿ ಅಂತ ಈಗ ಹೇಳಾಕ ಬರೂದಿಲ್ರಿ," ಕೈ ತೊಳೆಯುತ್ತ ಡಾಕ್ಟರು ಅಂದರು. "ಮತ್ತ ಕಟ್ಟಬಹುದು. ನೀರು ಬೆರಸಿದ ಊಟಾನ ಹಾಕ್ರಿ. ಉಚ್ಚಿ ನೋಡಕೋತ ಇರ್ರಿ. ನಾಳಿ ಮತ್ತ ತಗೊಂಡ ಬರ್ರಿ."

ಅಂಗಳದ ನಳದಲ್ಲಿ ಕೈ ಕಾಲು ತೊಳೆದಳು. ತೊಳೆಯುತ್ತಿದ್ದ ಕೈ ಬೊಗಸೆಯಾಯಿತು, ಬೊಗಸೆ ಬಾಯಿಗೆ ಹೋಯಿತು. ಬೊಗಸೆ ಬೊಗಸೆಯಾಗಿ ಕುಡಿದಳು. ಎದೆ ತಣ್ಣಗಾಯಿತು, ಹೊಟ್ಟೆ ಭಾರವಾಯಿತು. ಬೆಳಗಿನ ಹೊತ್ತಿನಲ್ಲಿ ನೀರಿಗೆ ಇಂಥ ರುಚಿ ಇರುತ್ತದೆಂಬುದು ಆಕೆಗೆ ಮರೆತೇ ಹೋಗಿತ್ತು.

ಬೆಕ್ಕನ್ನು ಅವ್ವನ ಮಡಿಲಿಗೆ ಹಾಕಿ, ಸೀರೆ ಬದಲಿಸಲೂ ನಿಲ್ಲದೆ ಬಸ್ಸು ಹಿಡಿದಳು. ಸಕ್ಕರೆ ಕಾರ್ಖಾನೆಗಳ ಹಂಗಾಮು, ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು ತೇಕುತ್ತಿದ್ದವು, ಅವುಗಳ ಹಿಂದೆ ಬಸ್ಸು ನಿಂತು ನಿಂತು ಸಾಗುತ್ತಿತ್ತು. ಅರ್ಧ ದಾರಿಗೆ ನೀರು ತನ್ನ ಕೆಲಸ ಶುರುಮಾಡಿತು. ಆಕೆ ಕಾಲ ಮೇಲೆ ಕಾಲು ಹಾಕಿದಳು, ಎಂದಿನಂತೆ ಲಕ್ಷ್ಯವನ್ನು ಬೇರೆ ಕಡೆ ಎಳೆಯಲು ನೋಡಿದಳು. ಬೇರೆ ಕಡೆ ಹೋದ ಲಕ್ಷ್ಯ ಅಲ್ಲಿಗೇ ಬಂತು, ಕಚೇರಿಯೊಳಗಿನ ಓಣಿಯ ಕೊನೆಗಿದ್ದ ಸಂಡಾಸದ ಹಸಿರು ಬಾಗಿಲಿಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಜವಾನ ಗಂಗಾರಾಮನನ್ನು ಅದರ ಕೀಲಿಕೈ ಕೇಳಿದ್ದಳು. ಅವನು ಹೆಡ್ ಕ್ಲಾರ್ಕರ ಮುಖ ನೋಡಿದ. ಅವರು ಬಹಳ ಸೌಮ್ಯವಾಗಿ, "ಅದು ಸಾಹೇಬ್ರದು ರೀ. ನೀರೂ ಬರೂದಿಲ್ಲ," ಅಂದರು. ಆಕೆ ನಂಬಿದಳು. ಗಂಡಸರು ಹಿಂದಿನ ಗೋಡೆಗೆ ಹೋಗುತ್ತಿದ್ದರು, ಹೆಂಗಸು ಆಕೆಯೊಬ್ಬಳೇ. ರಸ್ತೆಯಾಚೆ ದುಂಡವ್ವ ಎಂಬ ಮುದುಕಿಯ ಬಚ್ಚಲಿಗೆ ಕೆಲವು ದಿನ ಹೋಗಿದ್ದಳು. ದುಂಡವ್ವ ಒಳ್ಳೆಯವಳು, ಚಹಾ ಮಾಡಲೇ ಎಂದು ಕೇಳುತ್ತಿದ್ದಳು. ಒಂದು ದಿನ ನಿಮ್ಮ ಮಂದಿ ಯಾರು, ಯಾವ ಊರು, ಯಾವ ಓಣಿ ಎಂದು ವಿಚಾರಿಸಿದಳು. ಮರುದಿನ ಹೋದಾಗ ನೀರಿನ ತ್ರಾಸ ಭಾಳ ಆಗೇತಿ ನಮ್ಮವ್ವಾ ಎಂದಳು, ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟು. ಆಮೇಲೆ ಆಕೆ ಯಾರ ಮನೆಗೂ ಹೋಗಲಿಲ್ಲ. ನೀರು ಬಿಟ್ಟಳು. ಅದನ್ನೂ ತಾಳಬಹುದಿತ್ತು. ಆದರೆ ಹೋದ ವರ್ಷ ಸುಂದರಾ ಎಂಬ ಹುಡುಗಿ ಟೈಪಿಸ್ಟಾಗಿ ಕೆಲವು ತಿಂಗಳ ಬದಲಿಯ ಮೇಲೆ ಬಂದು ಹೋದಳು, ಕಬ್ಬು ದ್ರಾಕ್ಷಿ ಇದ್ದವರ ಮನೆಯವಳು. ಬಂದ ದಿನವೇ, ಆ ಹುಡುಗಿ ಕೇಳುವ ಮೊದಲೇ, ಗಂಗಾರಾಮ ಕೀಲಿಕೈಯನ್ನು ತಂದು ಟೈಪರೈಟರಿನ ಪಕ್ಕ ಇಟ್ಟ. ಸುಂದರಾ ಓಣಿಯುದ್ದಕ್ಕೂ ಚಪ್ಪಲಿ ಸಪ್ಪಳ ಮಾಡುತ್ತ ಹೋಗಿ ಬಂದು, ಒದ್ದೆ ಕೈ ಒರೆಸಿಕೊಳ್ಳುತ್ತ, "ನೀರು ಎಷ್ಟ ಜೋರ ಬರ್ತೈತ್ರಿ ಅಕ್ಕಾರ," ಎಂದಿದ್ದಳು. ಪಾಪದ ಹುಡುಗಿ, ಆಕೆಗೇನು ಗೊತ್ತು. ಅಕ್ಕುತಾಯಿ ನಕ್ಕಿದ್ದಳು. ನಕ್ಕದ್ದು ನೆನಪಾಗಿ ಈಗ ಬಸ್ಸಿನಲ್ಲಿ ಮುಖ ಉರಿಯಿತು. ಕೀಲಿಕೈ ಕೊಡದವರ ಮೇಲಿನದಕ್ಕಿಂತ ಆ ನಗೆಯ ಮೇಲೆ ಆಕೆಗೆ ಹೆಚ್ಚು ಸಿಟ್ಟಿತ್ತು.

ಕಚೇರಿಯ ಮುಂದೆ ಜೀಪು ನಿಂತಿತ್ತು. ಬೆಳಗಾವಿಯ ಸಾಹೇಬರು ಆಗಲೇ ಬಂದು ಒಳಗಿನ ಕೋಣೆಯಲ್ಲಿ ಕೂತಿದ್ದರು. ಅರೆಬಾಗಿಲಿನಾಚೆ ಬಟ್ಟಲುಗಳ ಸಪ್ಪಳ ಕೇಳುತ್ತಿತ್ತು. ಹೊರಗಿನ ಹಾಲಿನಲ್ಲಿ ಎಲ್ಲರೂ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ಫಿನೈಲಿನ ವಾಸನೆ ಓಣಿಯಿಂದ ಬರುತ್ತಿತ್ತು. ಹೆಡ್ ಕ್ಲಾರ್ಕ್ ಗಡಿಯಾರ ನೋಡಿದರು, ಆಕೆಯನ್ನು ನೋಡಿದರು. ಅವರ ಹೆಸರು ಬಾಬಾಸಾಹೇಬ. ಆ ಹೆಸರನ್ನು ಆಕೆ ಅವರಿಗಾಗಿ ಒಂದು ದಿನವೂ ಉಚ್ಚರಿಸಿರಲಿಲ್ಲ. ಮನೆಯಲ್ಲಿ ಆ ಹೆಸರು ಗೋಡೆಯ ಮೇಲಿನ ಒಂದು ಭಾವಚಿತ್ರಕ್ಕೆ ಸೇರಿದ್ದು, ಅವ್ವ ದಿನಾ ಹೂವು ಏರಿಸುವುದು. ಕಚೇರಿಯಲ್ಲಿ ಬರೀ "ಸರ್" ಅಂದು ಮುಗಿಸುತ್ತಿದ್ದಳು. ಕೆಟ್ಟ ಮನುಷ್ಯರೇನಲ್ಲ. ಹಂಗಾಮಿನಲ್ಲಿ ತಮ್ಮ ಗಾಣದ ಬೆಲ್ಲ ತಂದು ಎಲ್ಲರ ಮೇಜಿಗೂ ಇಡುತ್ತಿದ್ದರು, ಆಕೆಯ ಮೇಜಿಗೂ. ಹೋದ ವಾರ ಇಟ್ಟ ಬೆಲ್ಲ ಮನೆಯಲ್ಲಿ ಇನ್ನೂ ಇತ್ತು.

"ಏನ್ರಿ ಬಾಯಿ, ಇವತ್ತೂ ತಡಾ?" ಅವರು ತಗ್ಗಿದ ದನಿಯಲ್ಲಿ ಅಂದರು. ಆಮೇಲೆ ಮೂಗು ಕಿರಿದು ಮಾಡಿದರು. "ಇದೇನ ವಾಸನಿ?"

ಪಕ್ಕದ ಮೇಜಿನವರು ಯಾರೋ ಗಂಟಲು ಸರಿಮಾಡಿಕೊಂಡರು. ವಾಸನೆಯ ಮಾತು ಬಂದಾಗಲೆಲ್ಲ ಆಕೆ ಎಳವೆಯಿಂದ ತನ್ನ ಮೈಯನ್ನು ಒಳಗೊಳಗೇ ಕುಗ್ಗಿಸಿಕೊಳ್ಳುವವಳು. ಇಂದು ಕುಗ್ಗಿಸಿಕೊಳ್ಳಲು ಮೈಯಲ್ಲಿ ಜಾಗವಿರಲಿಲ್ಲ, ಅಷ್ಟು ತುಂಬಿತ್ತು.

"ಬೆಕ್ಕಿನ ಉಚ್ಚಿ ರೀ," ಅಂದಳು. "ಅದಕ್ಕ ಉಚ್ಚಿ ಕಟ್ಟಿತ್ತು. ದವಾಖಾನಿಗೆ ಹೋಗಿದ್ದೆ. ಗಂಗಾರಾಮ, ಸಂಡಾಸದ ಕೀಲಿಕೈ ಕೊಡಪಾ."

ಗಂಗಾರಾಮ ಚಹಾದ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದವನು ನಿಂತ. ಹೆಡ್ ಕ್ಲಾರ್ಕರ ಮುಖ ನೋಡಿದ, ನಾಲ್ಕು ವರ್ಷದ ಹಿಂದೆ ನೋಡಿದ ಹಾಗೆಯೇ.

"ಅಲ್ಲಿ ನೀರು..." ಎಂದು ಅವರು ಶುರುಮಾಡಿದರು.

"ನೀರು ಜೋರ ಬರ್ತೈತ್ರಿ. ನನಗ ಗೊತ್ತೈತಿ."

"ಹಂಗಲ್ರಿ ಬಾಯಿ. ದೊಡ್ಡ ಸಾಹೇಬ್ರು ಬಂದಾರ. ಅವ್ರ ಸಲುವಾಗಿ ತೊಳಿಸಿ ಇಟ್ಟೇವಿ. ಇವತ್ತೊಂದ ದಿನ ತಡಕೋರಿ."

ಇವತ್ತೊಂದ ದಿನ. ಆ ಮಾತು ಆಕೆಯ ಕಿವಿಯಲ್ಲಿ ವಿಚಿತ್ರವಾಗಿ ಕೇಳಿಸಿತು. ಅಂದರೆ ಉಳಿದ ದಿನಗಳದೂ ಅವರಿಗೆ ಗೊತ್ತಿತ್ತು. ಈಕೆ ತಡೆದುಕೊಳ್ಳುತ್ತಾಳೆ ಎಂಬುದು ಈ ಹಾಲಿನ ಎಲ್ಲರಿಗೂ ಗೊತ್ತಿತ್ತು. ಅದರ ಮೇಲೆಯೇ ಕಚೇರಿ ಇಷ್ಟು ಸುರಳೀತ ನಡೆದಿತ್ತು. ತಾನು ಗುಟ್ಟಾಗಿ ಅನುಭವಿಸಿದೆ ಎಂದುಕೊಂಡದ್ದು ಗುಟ್ಟೇ ಆಗಿರಲಿಲ್ಲ.

"ಸುಂದರಾಗ ಬಂದ ದಿನಾನ ಕೊಟ್ಟಿದ್ರಲ್ರಿ."

"ಆಕೀ ಮಾತ ಬ್ಯಾರೆ."

"ಏನ್ ಬ್ಯಾರೆ ಹೇಳ್ರಿ."

ಯಾರೂ ತಲೆ ಎತ್ತಲಿಲ್ಲ. ಹೆಡ್ ಕ್ಲಾರ್ಕರ ಮುಖ ಕೆಂಪಾಗಲಿಲ್ಲ, ಬಿಳಚಿಕೊಂಡಿತು. ಅವರು ಮೇಜಿನ ಮೇಲಿನ, ಕಾಗದಕ್ಕೆ ಚುಚ್ಚುವ ಟಾಚಣಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು. ಆಕೆ ಕಾದಳು. ಅವರ ಬಾಯಿಂದ ಆ ಮಾತು ಬರಲಿ ಎಂದು ನಿಜಕ್ಕೂ ಕಾದಳು. ಎಂದೂ ಯಾರೂ ಬಾಯಿ ಬಿಟ್ಟು ಆಡದ್ದರಿಂದಲೇ ಅದು ಇಷ್ಟು ವರ್ಷ ಗಟ್ಟಿಯಾಗಿ ಕೂತಿತ್ತು.

"ಹೇಳ್ರಿ ಸರ್, ನಾ ಕೇಳ್ತೇನಿ. ಎಲ್ಲಾರೂ ಕೇಳ್ಲಿ."

"ದನಿ ತಗ್ಗಸ್ರಿ. ಒಳಗ ಸಾಹೇಬ್ರು ಅದಾರ."

"ತಗ್ಗಿಸೇ ಹೇಳ್ತೇನ್ರಿ," ಆಕೆಯ ದನಿ ನಿಜವಾಗಿಯೂ ತಗ್ಗಿತು, ಅದರಿಂದ ಹಾಲಿನ ಮೂಲೆ ಮೂಲೆಗೂ ಕೇಳಿಸಿತು. "ನನಗ ಒಂದಕ್ಕ ಬಂದೈತಿ. ಬೆಳಿಗ್ಗಿಂದ ಹೋಗಿಲ್ಲ. ಇನ್ನ ತಡಕೊಳ್ಳಾಕ ಆಗೂದಿಲ್ಲ. ಕೀಲಿಕೈ ಕೊಟ್ರ ಅಲ್ಲಿ ಹೋಗ್ತೇನಿ. ಇಲ್ಲಂದ್ರ ಇಲ್ಲೇ, ನಿಮ್ಮ ಮೇಜಿನ ಮುಂದ, ಸೀರಿ ಎತ್ತಿ ಕುಂಡ್ರತೇನಿ. ದೊಡ್ಡ ಸಾಹೇಬ್ರು ಹೊರಗ ಬಂದು ನೋಡ್ಲಿ."

ಅಂದು, ಕೈಚೀಲವನ್ನು ಅವರ ಮೇಜಿನ ಮೇಲೆ ಇಟ್ಟು, ನೆರಿಗೆಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡಳು. ಟಾಚಣಿಯ ಡಬ್ಬಿ ಉರುಳಿತು. ಹೆಡ್ ಕ್ಲಾರ್ಕ್ ಆಕೆಯನ್ನು ನೋಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಸರಿಯಾಗಿ ಮುಖ ನೋಡಿದರು ಎಂದು ಆಕೆಗೆ ಅನ್ನಿಸಿತು. ಆಮೇಲೆ ಕಣ್ಣಿನಿಂದಲೇ ಗಂಗಾರಾಮನಿಗೆ ಸನ್ನೆ ಮಾಡಿದರು.

ಹಸಿರು ಬಾಗಿಲಿನ ಒಳಗೆ ಏನೂ ಇರಲಿಲ್ಲ. ಇಷ್ಟು ವರ್ಷ ಏನಿದೆಯೆಂದು ಕಲ್ಪಿಸಿಕೊಂಡಿದ್ದಳೋ ಆಕೆಗೇ ಹೇಳಲು ಬರುತ್ತಿರಲಿಲ್ಲ. ಕಂದು ಕಲೆ ಹಿಡಿದ ಸಂಡಾಸದ ಬಿಳಿ ಬೇಸಿನ್ನು, ಕೆಂಪು ಬಕೆಟ್ಟು, ಗೋಡೆಯ ಮೇಲೆ ತೇವದ ಪಸೆ, ಕಿಟಕಿಯಲ್ಲಿ ಜೇಡರ ಬಲೆ. ಚಿಲಕ ಹಾಕಿ ಕೂತಳು. ಮೊದಲು ಏನೂ ಬರಲಿಲ್ಲ. ಮೈ ತನ್ನ ಹಳೆಯ ಶಾಣ್ಯಾತನ ಬಿಡಲೊಲ್ಲದು. ಬಾ, ಎಂದು ಆಕೆ ಅದಕ್ಕೆ ಹೇಳಿದಳು, ಮಗುವಿಗೆ ಹೇಳುವ ಹಾಗೆ. ಉರಿಯುತ್ತ ಬಂತು, ಆಮೇಲೆ ಉರಿ ಕಡಿಮೆಯಾಗಿ ಸಲೀಸಾಗಿ ಬಂತು, ನಿಲ್ಲದೆ ಬಂತು. ಬಗ್ಗಿ ಬಣ್ಣ ನೋಡಿದಳು. ಗಾಢ ಹಳದಿ. ರಕ್ತವಿರಲಿಲ್ಲ. ಇಷ್ಟು ನೀರು ಕುಡಿದ ಮೇಲೂ ಹೀಗಿದೆಯೆಂದರೆ ಬೇರೆ ದಿನ ಹೇಗಿದ್ದಿರಬೇಕು ಎಂದುಕೊಂಡಳು. ಹೊರಗೆ ಯಾರದೋ ಹೆಜ್ಜೆಗಳು ಬಂದು ನಿಂತವು, ಯಾರೋ ಕೆಮ್ಮಿದರು, ಗಂಗಾರಾಮನ ಪಿಸುಮಾತು ಕೇಳಿಸಿತು. ಆಕೆ ಅವಸರ ಮಾಡಲಿಲ್ಲ. ನಳ ಪೂರ್ತಿ ಬಿಟ್ಟು ಕೈ ತೊಳೆದಳು, ಮುಖ ತೊಳೆದಳು, ಸೆರಗಿನ ಒದ್ದೆಯ ಕಡೆಯನ್ನು ಹಾಗೇ ಬಿಟ್ಟಳು.

ಬಾಗಿಲು ತೆರೆದಾಗ ಬೆಳಗಾವಿಯ ಸಾಹೇಬರು ಎದುರಿಗಿದ್ದರು, ದಪ್ಪ ಕನ್ನಡಕದ ವಯಸ್ಸಾದ ಮನುಷ್ಯ. ಹಿಂದೆ ಟವೆಲು ಹಿಡಿದ ಗಂಗಾರಾಮ, ಅವನ ಮುಖ ಬೂದಿಯಾಗಿತ್ತು.

"ಹೋಗ್ರಿ ಸರ್, ಖಾಲಿ ಐತಿ," ಅಂದಳು ಅಕ್ಕುತಾಯಿ.

"ಥ್ಯಾಂಕ್ಯೂ," ಎಂದು ಅವರು ಅನ್ಯಮನಸ್ಕರಾಗಿ ಒಳಗೆ ಹೋದರು. ಅವರ ಪಾಲಿಗೆ ಏನೂ ನಡೆದಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಜೀಪು ಹೋಯಿತು. ಅದರ ಧೂಳು ಇಳಿದ ಮೇಲೆ ಹೆಡ್ ಕ್ಲಾರ್ಕ್ ಆಕೆಯ ಮೇಜಿನ ಹತ್ತಿರ ಬಂದು ನಿಂತರು. "ಕೀಲಿಕೈ ಕೊಡ್ರಿ ಅಕ್ಕುತಾಯಿ ಬಾಯಿ."

"ನನ್ನ ಹತ್ರ ಇರ್ಲಿ ಬಿಡ್ರಿ. ನಾಳಿ ಮತ್ತ ಬೇಕಾಗತೈತಿ. ಸಾಹೇಬ್ರಿಗೆ ಬೇಕಾದಾಗ ನನ್ನ ಕಡೆಯಿಂದ ಇಸಕೊಳ್ರಿ."

"ಇದು ಚಲೋ ಆಗೂದಿಲ್ಲ ನೋಡ್ರಿ."

"ಆಗದಿರ್ಲಿ."

ಅವರು ಖಾಲಿ ಕೈಯಲ್ಲಿ ತಮ್ಮ ಮೇಜಿಗೆ ತಿರುಗಿದರು. ಆ ಹೊತ್ತಿನಲ್ಲಿ ಆಕೆಗೆ ಅವರ ಮೇಲೆ ಕನಿಕರ ಹುಟ್ಟಬಹುದಿತ್ತು. ಹುಟ್ಟುವುದನ್ನು ಆಕೆ ಬಿಡಲಿಲ್ಲ. ಎದ್ದು ಮೂಲೆಯ ಹರವಿಯಿಂದ ಒಂದು ಗ್ಲಾಸು ನೀರು ತುಂಬಿಕೊಂಡು ಬಂದು ಫೈಲು ತೆರೆದಳು.

ಸಂಜೆ ಮನೆಯ ಹೊಸ್ತಿಲಲ್ಲೇ ಅವ್ವ ದೂರು ಶುರುಮಾಡಿದಳು. "ಅದನ್ನೇನ ಕೇಳ್ತಿ. ಬೂದ್ಯಾಗ ಒಮ್ಮಿ, ಬಾಗಲಾಗ ಒಮ್ಮಿ, ನಿನ್ನ ಹಾಸಿಗಿ ಮ್ಯಾಲ ಒಮ್ಮಿ. ಹಾಸಿಗೆಲ್ಲಾ ತೊಯ್ದೈತಿ."

"ಎಷ್ಟ ತೊಯ್ದೈತಿ?"

"ಎಷ್ಟಂದ್ರ? ಇಷ್ಟಗಲ."

ಅಕ್ಕುತಾಯಿ ಹಾಸಿಗೆಯನ್ನು ಬಾಗಿಲ ಬೆಳಕಿಗೆ ಎಳೆದು 'ಇಷ್ಟಗಲ'ವನ್ನು ಅಂಗೈಯಿಂದ ಅಳೆದಳು. ಅಂಚಿನಲ್ಲಿ ಗುಲಾಬಿ ಇನ್ನೂ ಇತ್ತು, ಬೆಳಗಿನದಕ್ಕಿಂತ ತೆಳ್ಳಗೆ. ಟ್ರಂಕಿನ ಕೆಳಗೆ ಮಲಗಿದ್ದ ಮನ್ಯಾ ಆಕೆಯ ಕೈ ಬಂದೊಡನೆ ಮೈ ಬಿಗಿ ಹಿಡಿಯಿತು; ಏಟಿನ ನೆನಪು ಅದಕ್ಕಿತ್ತು. ಆಕೆ ಕೈಯನ್ನು ನೆಲದ ಮೇಲೆ, ಅದರ ಮೂಗಿನ ಹತ್ತಿರ, ಸುಮ್ಮನೆ ಇಟ್ಟುಕೊಂಡು ಕೂತಳು. ಅದು ಮೂಸಿತು, ನೆಕ್ಕಲಿಲ್ಲ. ಸಾಕು ಅನ್ನಿಸಿತು. ಅಲ್ಲೇ ಕೂತು, ಮುಖವನ್ನು ಬೆಕ್ಕಿನತ್ತ ಇಟ್ಟುಕೊಂಡೇ, ಕಚೇರಿಯಲ್ಲಿ ನಡೆದದ್ದನ್ನು ಅವ್ವನಿಗೆ ಹೇಳಿದಳು. ನೀರು ಬಿಟ್ಟದ್ದನ್ನು, ದುಂಡವ್ವನ ಬಾಗಿಲನ್ನು, ಅವ್ವನ ಹೆಸರಿನಲ್ಲಿ ನುಂಗಿದ ಗುಳಿಗೆಗಳನ್ನು. ಕೊನೆಗೆ ಕೈಚೀಲದಿಂದ ಕೀಲಿಕೈ ತೆಗೆದು ತೋರಿಸಿದಳು.

ಸೀತವ್ವ ಅಂಗೈಯ ಮೇಲೆ ಕೀಲಿಕೈ ಇಟ್ಟುಕೊಂಡು ನೋಡಿದಳು. "ಗದ್ಯಾಗ ಕಳೆ ತಗಿಯೂ ಮುಂದ," ಎಂದಳು ಆಮೇಲೆ, "ಒಂದಕ್ಕ ಅಂತ ಎದ್ದು ಮರಿಗೆ ಹೋದ್ರ ಮಾಲಕ ಬದುವಿನ ಮ್ಯಾಲ ನಿಂತು ಕೂಗಾವ. ಎಲ್ಲಾರ ಮುಂದ. ಏನ, ನಿನಗೊಬ್ಬಾಕಿಗೇ ಬರ್ತೈತೇನ, ಅಂತ. ಬಾಯಾಗ ಮಾತ ಬರ್ತಿತ್ತು ನನಗ. ನುಂಗತಿದ್ದೆ."

"ಏನ್ ಮಾತು?"

"ಹೋಗ್ಲಿ ಬಿಡ." ಅವ್ವ ಕೀಲಿಕೈಯನ್ನು ಆಕೆಯ ಕೈಗೆ ಕೊಟ್ಟಳು. "ನಾಳಿ ಹೊಸಾ ಕೀಲಿ ಹಾಕಿದ್ರ?"

"ಹಾಕ್ಲಿ."

ಸೀತವ್ವ ಮಗಳನ್ನು ಓರೆಗಣ್ಣಿನಿಂದ ನೋಡಿದಳು. ಕೇಳಲೋ ಬೇಡವೋ ಎಂಬ ಒಂದು ಹುಡುಗತನ ಆ ಸುಕ್ಕು ಮುಖದಲ್ಲಿ ಬಂದು ಹೋಯಿತು. "ಅಲ್ಲ, ಅಕ್ಕೂ. ಕೊಡದ ಇದ್ದಿದ್ರ, ಖರೇನ ಕುಂಡ್ರತಿದ್ದೇನ? ಅಷ್ಟ ಗಂಡಸರ ಮುಂದ?"

ಅಕ್ಕುತಾಯಿ ಯೋಚಿಸಿದಳು. ಆ ಗಳಿಗೆಯಲ್ಲಿ ನೆರಿಗೆ ಹಿಡಿದ ತನ್ನ ಕೈಯನ್ನು, ಮೊಣಕಾಲಿನಲ್ಲಿ ಆಗಲೇ ಶುರುವಾಗಿದ್ದ ಬಾಗುವಿಕೆಯನ್ನು ನೆನಪು ಮಾಡಿಕೊಂಡಳು. ಹೆದರಿಸಲಿಕ್ಕೆ ಅಂದದ್ದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಹಾಗಿರಲಿಲ್ಲ ಅದು.

"ಕುಂಡ್ರತಿದ್ದೆ," ಅಂದಳು.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿದವು. ಅಳುತ್ತಿದ್ದಾಳೆ ಎಂದು ಆಕೆ ಗಾಬರಿಯಾಗಿ ಹತ್ತಿರ ಸರಿದಳು. ಅವ್ವ ನಗುತ್ತಿದ್ದಳು, ದನಿಯಿಲ್ಲದೆ, ಉಸಿರು ಸಿಗದ ಹಾಗೆ, ಗದ್ದೆಯ ಬದುವಿನ ಮೇಲೆ ನಿಂತ ಯಾರನ್ನೋ ಕಂಡವಳಂತೆ ಎದುರಿನ ಗೋಡೆ ನೋಡಿ ನಗುತ್ತಿದ್ದಳು.